ರೇಜರ್ ವಿ3 ಕೊಳ್ಳೋದಾ, ವಿ3ಐ ಕೊಳ್ಳೋದಾ?

ಹಳೇ ಮಡಚುವ ಫೋನಿನ ಹುಚ್ಚು ಹಿಡಿದವರು ಕೊನೆಗೆ ಬಂದು ನಿಲ್ಲುವುದು ಮೊಟೊರೊಲಾ ರೇಜರ್ ಮುಂದೆ. 2004ರ ವಿ3, 2005ರ ವಿ3ಐ. ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ. ಎರಡೂ ಸುಮಾರು 14 ಮಿ.ಮೀ. ದಪ್ಪ, ಒಳಗೆ 2.2 ಇಂಚಿನ ಪರದೆ, ತಗಡಿನಂಥ ಚಪ್ಪಟೆ ಕೀಲಿಗಳು. ಟಪ್ ಅಂತ ಮುಚ್ಚಿ ಕಾಲ್ ಕಟ್ ಮಾಡುವ ಸುಖವೂ ಒಂದೇ.

ವ್ಯತ್ಯಾಸ ಇರುವುದು ಕ್ಯಾಮೆರಾದಲ್ಲಿ. ವಿ3ಯದು 640×480 ಚುಕ್ಕೆಗಳ ವಿಜಿಎ ಕ್ಯಾಮೆರಾ. ಫೋನಿನಲ್ಲಿ ನೋಡಿದರೆ ಚೆನ್ನ, ಕಂಪ್ಯೂಟರಿಗೆ ಹಾಕಿದರೆ ಮುಖವೆಲ್ಲ ಚೌಕಚೌಕ. ಜೊತೆಗೆ ಜಾಗ 5.5 ಎಂಬಿ ಅಷ್ಟೇ, ಕಾರ್ಡ್ ಹಾಕಲು ಬರಲ್ಲ. ಜಾಗ ತುಂಬಿದಂತೆಲ್ಲ ಹಳೇ ಫೋಟೋ ಅಳಿಸುತ್ತಾ ಕೂರಬೇಕು. ವಿ3ಐನಲ್ಲಿ 1.23 ಮೆಗಾಪಿಕ್ಸೆಲ್, ಅಂದರೆ ನಾಲ್ಕು ಪಟ್ಟು ಜಾಸ್ತಿ ಚುಕ್ಕೆಗಳು. ಮೈಕ್ರೊ ಎಸ್‌ಡಿ ಕಾರ್ಡೂ ಹಿಡಿಸುತ್ತದೆ, ಹಾಡೂ ತುಂಬಿಕೊಳ್ಳಬಹುದು. ಫ್ಲ್ಯಾಶ್ ಮಾತ್ರ ಎರಡಕ್ಕೂ ಇಲ್ಲ. ಸಂಜೆಯಾದ ಮೇಲೆ ಎರಡೂ ಕುರುಡು!

ಹೆಡ್‌ಫೋನಿನ ಗುಂಡು ತೂತು ಎರಡರಲ್ಲೂ ಇಲ್ಲ. ಚಾರ್ಜಿಗೂ ಇಯರ್‌ಫೋನಿಗೂ ಒಂದೇ ಮಿನಿ ಯುಎಸ್‌ಬಿ. ಆ ಕೇಬಲ್ ಮೊದಲು ಹುಡುಕಿಟ್ಟುಕೊಳ್ಳಿ.

ಎರಡೂ 2ಜಿ ಫೋನುಗಳು. ಜಿಯೊ ಸಿಮ್ ಹಾಕಿ ಸುಮ್ನೆ ಕಾಯಬೇಡಿ, ಅದಕ್ಕೆ 2ಜಿ ಜಾಲವೇ ಇಲ್ಲ.

ಶೋಕೇಸಿಗಾದರೆ ವಿ3 ತಗೊಳ್ಳಿ, ಮೊದಲನೆಯದು ಅನ್ನೋ ಗತ್ತು ಅದಕ್ಕೇ. ದಿನಾ ಜೇಬಲ್ಲಿಟ್ಟು ಫೋಟೋ ತೆಗೆಯುವ ಆಸೆ ಇದ್ದರೆ, ನನ್ನ ಓಟು ವಿ3ಐಗೆ.