ಡಾಲ್ಟನ್ ಬಾಯಲ್ಲಿ ನ್ಯೂಟ್ರಾನ್!

ಫ್ಯಾರಡೆ, ಡಾಲ್ಟನ್ ಥರದ ಹಳೇ ವಿಜ್ಞಾನಿಗಳ ವೇಷದಲ್ಲಿ ಕೆಮಿಸ್ಟ್ರಿ ಹೇಳಿಕೊಡುವ ಒಂದು ಆ್ಯಪ್ ಮಗಳಿಗೆ ಹಾಕಿಸಿಕೊಟ್ಟು ಒಂದು ವರ್ಷವಾಯಿತು. ಅವಳೀಗ ಒಂಬತ್ತನೇ ಕ್ಲಾಸು.

ಫ್ಯಾರಡೆ ಪಾಠಕ್ಕೆ ಮನೆಮಂದಿಯೆಲ್ಲ ಕಾಯುತ್ತೇವೆ. ಊಟ ಮುಗಿಸಿ, ಕಟ್ಟೆ ಒರೆಸಿ, ಫ್ಯಾನ್ ಆರಿಸಿ ಮೇಣದಬತ್ತಿ ಹಚ್ಚುವುದು. "ಉರಿಯುತ್ತಿರುವುದು ಬತ್ತಿಯಾ, ಮೇಣವಾ?" ಅಂತ ಆ್ಯಪ್‌ನಿಂದ ಪ್ರಶ್ನೆ ಬರುತ್ತದೆ. ದೀಪ ಊದಿ, ಮೇಲೇಳುವ ಬಿಳಿ ಹೊಗೆಗೆ ತಕ್ಷಣ ಕಡ್ಡಿ ಗೀರಿ ಹಿಡಿದರೆ ಬೆಂಕಿ ಹೊಗೆಯಲ್ಲೇ ಇಳಿದು ಬತ್ತಿಗೆ ಮತ್ತೆ ಹತ್ತಿಕೊಳ್ಳುತ್ತದೆ. ನಾವು ಹೊಗೆ ಅಂದುಕೊಂಡಿದ್ದು ಮೇಣದ ಆವಿ! ತಣ್ಣಗಿನ ಸ್ಟೀಲ್ ಚಮಚವನ್ನು ಉರಿಯೊಳಗೆ ಹಿಡಿದರೆ ಮಸಿ, ಸ್ವಲ್ಪ ಮೇಲೆ ಹಿಡಿದರೆ ನೀರಿನ ಮಂಜು. 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಫ್ಯಾರಡೆ ಮಕ್ಕಳಿಗೆ ಮಾಡಿ ತೋರಿಸಿದ್ದು ಇಂಥವನ್ನೇ. ನಮ್ಮತ್ತೆ ಕೂಡ ಸೀರಿಯಲ್ ಬಿಟ್ಟು ಬಂದು ಕೂರುತ್ತಾರೆ.

ತಲೆ ಕೆಟ್ಟಿದ್ದು ಪರಮಾಣು ಸಿದ್ಧಾಂತ ಕೊಟ್ಟ ಡಾಲ್ಟನ್‌ನಿಂದ. ಪರಮಾಣುವಿನೊಳಗೆ ಏನಿದೆ ಅಂತ ಮಗಳು ಕೇಳಿದರೆ "ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್" ಅನ್ನುವುದೇ? ಅಲ್ಲ ಸ್ವಾಮಿ, ಡಾಲ್ಟನ್ ತೀರಿಕೊಂಡಿದ್ದು 1844ರಲ್ಲಿ. ಎಲೆಕ್ಟ್ರಾನ್ ಗೊತ್ತಾಗಿದ್ದು 1897ರಲ್ಲಿ, ನ್ಯೂಟ್ರಾನ್ 1932ರಲ್ಲಿ. ಪರಮಾಣುವನ್ನು ಒಡೆಯೋಕೇ ಆಗಲ್ಲ ಅನ್ನುವುದು ಅವನ ವಾದ. ಮಗಳು ಆ್ಯಪ್ ನಂಬಿ ಟೆಸ್ಟ್‌ನಲ್ಲಿ ಡಾಲ್ಟನ್ ಸಿದ್ಧಾಂತದ ಪ್ರಶ್ನೆಗೆ ಹಾಗೇ ಬರೆದು ಮಾರ್ಕ್ಸ್ ಕಳೆದುಕೊಂಡಳು.

ನೀರಿನ ಸೂತ್ರ ಕೇಳಿದರೂ ಅಷ್ಟೇ, ಥಟ್ಟಂತ ಎಚ್‌ಟುಓ. ನಿಜವಾದ ಡಾಲ್ಟನ್ ನೀರಲ್ಲಿ ಒಂದು ಹೈಡ್ರೋಜನ್‌ಗೆ ಒಂದೇ ಆಕ್ಸಿಜನ್ ಅಂದುಕೊಂಡಿದ್ದ. ಆ ಲೆಕ್ಕದಿಂದಲೇ 1808ರಲ್ಲಿ ಆಕ್ಸಿಜನ್ ಪರಮಾಣುವಿನ ತೂಕ ಹೈಡ್ರೋಜನ್‌ನ 7 ಪಟ್ಟು ಅಂತ ಬರೆದ. ಈಗ ನಾವು ಓದುವುದು 16. ಎಲ್ಲಿ ಎಡವಿದ ಅಂತ ಹುಡುಕೋಕೆ ಬಿಟ್ಟಿದ್ದರೆ ಮಕ್ಕಳಿಗೆ ಎಂಥ ಮಜಾ ಇರುತ್ತಿತ್ತು, ಅಲ್ವಾ? ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆಯ 1789ರ ಮೂಲವಸ್ತುಗಳ ಪಟ್ಟಿಯಲ್ಲಿ ಬೆಳಕು, ಶಾಖ ಕೂಡ ಇದ್ದವು. ಆ್ಯಪ್‌ನ ಲವಾಸಿಯೆ ಅದರ ಸುದ್ದಿಯೇ ಎತ್ತುವುದಿಲ್ಲ. ವೇಷ ಬೇರೆ ಬೇರೆ, ಒಳಗಿರುವುದು ಒಂದೇ ಗೈಡ್ ಪುಸ್ತಕ. ದೂರು ಕೊಟ್ಟರೆ "ಪಠ್ಯಕ್ಕೆ ಹೊಂದುವಂತೆ ಉತ್ತರ ಕೊಡುತ್ತೇವೆ" ಅಂತ ಸುಮ್ನೆ ಒಂದು ಮೆಸೇಜ್ ಬಂತು.

ಮೂಲವಸ್ತುಗಳ ಕೋಷ್ಟಕ ರೂಪಿಸಿದ ಮೆಂಡಲೀವ್ ಭಾಗದಲ್ಲಿ ಮಾತ್ರ ಈ ಕಾಟ ಕಮ್ಮಿ. ಕೋಷ್ಟಕದಲ್ಲಿ ಖಾಲಿ ಮನೆ ಬಿಟ್ಟು, ಅಲ್ಲಿಗೆ ಬರಬೇಕಾದ ಮೂಲವಸ್ತು ಹೇಗಿರುತ್ತದೆ ಅಂತ ಊಹಿಸುವ ಆಟ ಅದು. 1875ರಲ್ಲಿ ಗ್ಯಾಲಿಯಂ ಅನ್ನುವ ಲೋಹ ಸಿಕ್ಕಾಗ ಅದರ ಸಾಂದ್ರತೆ ನೀರಿನ 4.7 ಪಟ್ಟು ಅಂತ ಬಂದಿತ್ತು. ಇನ್ನೊಮ್ಮೆ ಅಳೆದು ನೋಡಿ, 5.9ರ ಹತ್ತಿರ ಇರಬೇಕು ಅಂದ ಮೆಂಡಲೀವ್. ಶುದ್ಧ ಮಾಡಿ ಅಳೆದರೆ 5.9! ಮಗಳು ಇದನ್ನು ಶಾಲೆ ವ್ಯಾನ್‌ನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ.

ವರ್ಷದ ಪ್ಲಾನ್ ಮತ್ತೆ ಕಟ್ಟಲಿಲ್ಲ. ನಮ್ಮಂಥ ಒಂದೇ ಸಂಬಳದ ಮನೆಗೆ ಅದು ಜಾಸ್ತಿಯೇ. ರಜೆ ಬಂದಾಗ ಒಂದು ತಿಂಗಳಿಗೆ ಮಾತ್ರ ಹಾಕಿಸುತ್ತೇನೆ. ಫ್ಯಾರಡೆಯ ಮೊದಲ ಪಾಠ ಫ್ರೀ ಟ್ರಯಲ್‌ನಲ್ಲೇ ಸಿಗುತ್ತದೆ. ದುಡ್ಡು ಕಟ್ಟುವ ಮೊದಲು ಅದನ್ನು ಮಾಡಿ ನೋಡಿ.