ಇಲ್ಫರ್ಡ್ ಮಲ್ಟಿಗ್ರೇಡ್ ಕಾಗದ: ಬಚ್ಚಲುಮನೆಯ ಡಾರ್ಕ್‌ರೂಮಿಗೆ ಹೇಳಿ ಮಾಡಿಸಿದ್ದು

ಮನೆಯಲ್ಲೇ ಕಪ್ಪು-ಬಿಳುಪು ಚಿತ್ರ ಮುದ್ರಿಸುವವರು ಇಲ್ಫರ್ಡ್ ಮಲ್ಟಿಗ್ರೇಡ್ ಆರ್‌ಸಿ (ಪ್ಲಾಸ್ಟಿಕ್ ಲೇಪದ) ಡಿಲಕ್ಸ್ ಕಾಗದವನ್ನು ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು. ನೆಗೆಟಿವ್‌ನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರಿಗೆ 00ರಿಂದ 5ರವರೆಗಿನ ಫಿಲ್ಟರುಗಳಲ್ಲಿ ಒಂದನ್ನು ಹಾಕಿದರೆ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ನಮ್ಮ ಕೈಯಲ್ಲಿ; ಸಂಖ್ಯೆ ಇಳಿದಷ್ಟೂ ಅಂತರ ಕಡಿಮೆ. ಮಟಮಟ ಮಧ್ಯಾಹ್ನ ತೆಗೆದ ಅಜ್ಜಿಯ ಚಿತ್ರದಲ್ಲಿ 3ನೇ ಫಿಲ್ಟರಿಗೆ ಸೀರೆ ಬರೀ ಬಿಳುಪು. ಒಂದೂವರೆಗೆ ಇಳಿಸಿದೊಡನೆ ನೆರಿಗೆಗಳೆಲ್ಲ ಎದ್ದು ಬಂದವು. ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಒಂದು ನಿಮಿಷ, ಕೊನೆಗೆ ಹರಿಯುವ ನೀರಿನಲ್ಲಿ ಎರಡು ನಿಮಿಷ ಸಾಕು. ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಕಾಗದದಂತೆ ತಾಸುಗಟ್ಟಲೆ ತೊಳೆಯಬೇಕಿಲ್ಲ (ಮೇ ತಿಂಗಳ ನಲ್ಲಿಯನ್ನು ನಂಬಿದವರಿಗೆ ಇದು ಸಣ್ಣ ಮಾತಲ್ಲ). ಬೇಸಿಗೆಯಲ್ಲಿ ಡೆವಲಪರನ್ನು 20 ಡಿಗ್ರಿಗೆ ತರಲು ಟ್ರೇಯನ್ನು ಐಸ್ ನೀರಿನ ಬೇಸಿನ್‌ನಲ್ಲಿಡಿ. ಹೊಳೆಯುವ ಗ್ಲಾಸಿ ಕಾಗದದ ಮೇಲೆ ಬೆರಳಚ್ಚು ಎದ್ದು ಕಾಣುತ್ತದೆ, ನನ್ನ ಮತ ಮಂದ ಹೊಳಪಿನ ಪರ್ಲ್‌ಗೆ. ಬೆಲೆ ಕೈ ಸುಡುತ್ತದೆ, ನಿಜ. ಎಷ್ಟು ಹೊತ್ತು ಬೆಳಕು ಬೇಕೆಂಬ ಪರೀಕ್ಷೆಗೆ ಪೂರ್ತಿ ಹಾಳೆ ಬಳಸದೆ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ.