ಪಿಜಿ ಅಡ್ವಾನ್ಸ್ ಕೊಡೋ ಮುಂಚೆ ಸ್ಕ್ಯಾನರ್ ಮೇಲಿನ ಹೆಸರು ನೋಡಿ

ಬೆಂಗಳೂರಿಗೆ ಓದೋಕೆ ಬಂದು ಪಿಜಿ ಹುಡುಕ್ತಿರೋರು ದಯವಿಟ್ಟು ಓದಿ. ಅಡ್ವಾನ್ಸ್ ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತೆ ನೋಡಿ. ಬೋರ್ಡಲ್ಲಿರೋ ಪಿಜಿ ಹೆಸರಾ, ಇಲ್ಲ ಯಾರೋ ಒಬ್ಬರ ಹೆಸರಾ? ಯಾರದ್ದೋ ಹೆಸರು ಬಂದ್ರೆ ಅಲ್ಲೇ ನಿಲ್ಲಿಸಿ, ಮೊದಲು ರಶೀದಿ ಕೇಳಿ.

ನಮ್ಮ ತ್ರೀ ಶೇರಿಂಗ್ ರೂಮಿನ ಮೂವರ ಅಡ್ವಾನ್ಸೂ ಹೋಯ್ತು, ತಲಾ 10,000. ಬಾಡಿಗೆ ಬಾಕಿ ಇರಲಿಲ್ಲ, 30 ದಿನ ಮುಂಚೆ ವಾಟ್ಸಾಪ್‌ನಲ್ಲಿ ನೋಟಿಸ್ ಕೊಟ್ಟಾಗಿತ್ತು. ಬೀರು ಕೀ ಎಲ್ಲ ಇಸ್ಕೊಂಡ ಮೇಲೆ ಮ್ಯಾನೇಜರ್ ಬಾಯಿ ಬಿಟ್ಟರು: "ಅಡ್ವಾನ್ಸ್ ತಗೊಂಡಿದ್ದು ಹಳೇ ಮ್ಯಾನೇಜ್‌ಮೆಂಟ್ ಮೇಡಂ. ಅವರ ಹತ್ರ ಕೇಳ್ಕೊಳ್ಳಿ."

ಅದೇ ಬಿಲ್ಡಿಂಗ್, ಅದೇ ಬೋರ್ಡ್, ಅದೇ ಅಡುಗೆಯವರು, ಅದೇ ನೀರು ಸಾಂಬಾರ್. ಮ್ಯಾನೇಜ್‌ಮೆಂಟ್ ಮಾತ್ರ ಬೇರೆಯಂತೆ! ಯಾವಾಗ ಬದಲಾಯ್ತು ಅಂದ್ರೆ, "ಗ್ರೂಪಲ್ಲಿ ಹಾಕಿದ್ವಲ್ಲ." ಗ್ರೂಪಲ್ಲಿ ಹಾಕಿದ್ದು ಒಂದೇ ಸಾಲು: "ಇನ್ಮುಂದೆ ರೆಂಟ್ ಈ ನಂಬರ್‌ಗೆ ಹಾಕಿ." ಇದನ್ನ ನೋಡಿ ಪಿಜಿ ಕೈ ಬದಲಾಯ್ತು ಅಂತ ಯಾರಿಗಾದ್ರೂ ಹೊಳೆಯುತ್ತಾ?

ಹಳೇ ಮ್ಯಾನೇಜ್‌ಮೆಂಟ್‌ನೋರಿಗೆ ಫೋನ್ ಮಾಡಿದ್ರೆ, "ಬಿಟ್ಟುಕೊಡುವಾಗ ಎಲ್ಲರ ಅಡ್ವಾನ್ಸೂ ಹೊಸಬರಿಗೇ ಲೆಕ್ಕ ಹಾಕಿ ಕೊಟ್ಟಿದ್ದೀನಿ." ಬಿಲ್ಡಿಂಗ್ ಓನರ್ ಅಂತೂ, "ನನಗೆ ತಿಂಗಳ ಬಾಡಿಗೆ ಬಂದ್ರೆ ಸಾಕಮ್ಮ, ಒಳಗಿನ ವ್ಯವಹಾರ ನಂಗೊತ್ತಿಲ್ಲ." ಮತ್ತೆ ಮ್ಯಾನೇಜರ್: "ಸಾರ್ ಊರಲ್ಲಿಲ್ಲ, ಸೋಮವಾರ ಬನ್ನಿ." ಸೋಮವಾರ ಹೋದ್ರೆ ನಂಬರ್ ಬ್ಲಾಕ್!

ಇಲ್ಲಿ ಎಷ್ಟೋ ಪಿಜಿಗಳು ನಡೆಯೋದೇ ಹೀಗೆ. ಕಟ್ಟಡ ಒಬ್ಬರದ್ದು, ಲೀಸ್‌ಗೆ ತಗೊಂಡು ನಡೆಸೋರು ಇನ್ನೊಬ್ಬರು, ಮ್ಯಾನೇಜರ್ ಬರೀ ಸಂಬಳಕ್ಕೆ. ನಡೆಸೋರು ಮಂಚ, ಗೀಸರ್, ಪಾತ್ರೆ, ಒಳಗಿರೋ ಹುಡುಗೀರು ಎಲ್ಲ ಸೇರಿಸಿ ಪಿಜಿನ ಇನ್ನೊಬ್ಬರಿಗೆ ವಹಿಸಿ ಹೋಗ್ತಾರೆ. ನಮ್ಮ ದುಡ್ಡು ಆ ಮಧ್ಯೆ ಮಾಯ.

ಅದಕ್ಕೇ ರೆಂಟ್ ನಂಬರ್ ಬದಲಾಯ್ತು ಅಂತ ಮೆಸೇಜ್ ಬಂದ ದಿನವೇ ಕೇಳಿ: "ನನ್ನ ಅಡ್ವಾನ್ಸ್ ಇಷ್ಟು ನಿಮ್ಮ ಹತ್ರ ಇದೆ ಅಂತ ಬರೆದು ಕೊಡಿ, ಆಮೇಲೆ ರೆಂಟ್ ಹಾಕ್ತೀನಿ." ಅವರಿಗೆ ನಿಮ್ಮ ದುಡ್ಡು ಬೇಕಾಗಿರೋದು ಆಗ. ಕೀ ಕೊಟ್ಟ ಮೇಲೆ ನಿಮ್ಮನ್ನ ಯಾರೂ ಮೂಸಲ್ಲ.

ರಶೀದಿಯಲ್ಲಿ ಪಿಜಿ ಹೆಸರು, ಸೀಲು, ವಾಪಸ್ ಕೊಡೋ ಮೊತ್ತ, ಮೇಂಟೆನೆನ್ಸ್ ಅಂತ ಎಷ್ಟು ಹಿಡೀತಾರೆ, ಇಷ್ಟೂ ಇರಲಿ. ನೋಟಿಸ್ ಯಾವ ತಾರೀಖಿನಿಂದ ಲೆಕ್ಕ ಅನ್ನೋದೂ ಬರೆಸಿ. ಕೆಲವು ಕಡೆ 1ನೇ ತಾರೀಖು ದಾಟಿ 3ಕ್ಕೆ ಕೊಟ್ರೆ "ಮುಂದಿನ ತಿಂಗಳದ್ದೂ ಕಟ್ಟಿ" ಅಂತಾರೆ. ಬಿಡುವಾಗ ಜಿಎಸ್‌ಟಿ ಅಂತ ಹಿಡಿದ್ರೆ ಸುಮ್ನಿರಬೇಡಿ: ಬಾಡಿಗೆ ತಲಾ ತಿಂಗಳಿಗೆ 20,000 ಒಳಗಿದ್ದು, ನೀವು ಸತತ 90 ದಿನ ಇದ್ರೆ 2024ರ ಜುಲೈನಿಂದ ಜಿಎಸ್‌ಟಿ ವಿನಾಯಿತಿ ಇದೆ. ಪಿಜಿ ನಡೆಸೋಕೆ ಪಾಲಿಕೆ ಕೊಡೋ ಟ್ರೇಡ್ ಲೈಸೆನ್ಸ್ ಫೋಟೋನೂ ತಗೊಳ್ಳಿ. ತೋರಿಸೋಕೆ ತಡವರಿಸಿದ್ರೆ ಬೇರೆ ಪಿಜಿ ನೋಡಿ, ಈ ಊರಲ್ಲಿ ಪಿಜಿಗೇನು ಬರವಾ.

ಈಗಾಗಲೇ ದುಡ್ಡು ಸಿಕ್ಕಿಹಾಕ್ಕೊಂಡಿದ್ರೆ 1915 ಗ್ರಾಹಕ ಸಹಾಯವಾಣಿಗೆ ಮಾಡಿ. ನೀವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ. ಆದರೆ ದೂರಲ್ಲಿ ಎದುರು ಪಾರ್ಟಿ ಹೆಸರು, ವಿಳಾಸ ಬರೀಬೇಕು. ಬರೀ "ಪಿಜಿ ಅಣ್ಣ" ಅಂತ ಸೇವ್ ಮಾಡ್ಕೊಂಡಿದ್ರೆ ಆಗಲ್ಲ.